ಠಾಣೆಗಿಂತ ಮೊದಲು ಹುಡುಗನನ್ನು ತಡೆಯುವವರು ಯಾರು? ಪ್ರೊಬೇಷನ್ ಆಫೀಸರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ವಿಜಯನಗರ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರು): ಸರ್, ನೋಟ್ಸ್‌ನಲ್ಲಿ ಸಾಮಾಜಿಕ ನಿಯಂತ್ರಣದ ಸಾಧನಗಳು ಅಂತ ಎರಡು ಪಟ್ಟಿ ಇದೆ. ಔಪಚಾರಿಕ ಅಂದರೆ ಕಾನೂನು, ಪೊಲೀಸ್, ಕೋರ್ಟ್, ಜೈಲು. ಅನೌಪಚಾರಿಕ ಅಂದರೆ ಮನೆ, ನೆರೆಹೊರೆ, ಧರ್ಮ, ರೂಢಿ. ಬಾಯಿಪಾಠ ಆಗಿದೆ. ಆದರೆ ಅಪರಾಧ ನಿಜವಾಗಿ ತಡೆಯುವುದು ಇವುಗಳಲ್ಲಿ ಯಾವುದು?

ಉತ್ತರ: ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಪಟ್ಟಿ ಸರಿ ಇದೆ. ಕೆಲಸದಲ್ಲಿ ನಾನು ಕಾಣುವುದನ್ನು ಹೇಳುತ್ತೇನೆ. ಹುಡುಗರು ಜಾರುವುದು ಈ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ. ಶಾಲೆಗೆ ವಾರಗಟ್ಟಲೆ ಚಕ್ಕರ್ ಹೊಡೆದಿರುತ್ತಾನೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬೀದಿಯ ಅಂಗಡಿಯವರು ದಿನಾ ನೋಡಿರುತ್ತಾರೆ, ನಮಗ್ಯಾಕೆ ಅಂತ ಸುಮ್ಮನಿರುತ್ತಾರೆ. ಆಮೇಲೆ ಶಾಲೆಯವರು, ಮನೆಯವರು ಮೊದಲ ಸಲ ಮುಖಾಮುಖಿ ಆಗುವುದು ಠಾಣೆಯಲ್ಲಿ.

1969ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಟ್ರಾವಿಸ್ ಹಿರ್ಶಿ ಬೇರೆ ಥರ ಕೇಳಿದರು: ಹೆಚ್ಚಿನ ಜನ ಯಾಕೆ ತಪ್ಪು ಮಾಡುವುದಿಲ್ಲ? ಅವರು ಹೇಳಿದ ಕಾರಣ ನಾಲ್ಕು. ನಮ್ಮವರು ಅನ್ನುವ ಅಕ್ಕರೆ, ಕಳೆದುಕೊಳ್ಳಲು ಓದೋ ಕೆಲಸವೋ ಇರುವುದು, ದಿನ ತುಂಬುವ ಚಟುವಟಿಕೆ, ನಿಯಮ ಸರಿ ಅನ್ನುವ ನಂಬಿಕೆ. ನನ್ನ ಮಟ್ಟಿಗೆ ಮೊದಲನೆಯದೇ ದೊಡ್ಡದು. 'ಅಮ್ಮನಿಗೆ ಗೊತ್ತಾದರೆ ಏನು ಗತಿ' ಅನ್ನುವ ಅಳುಕು ಯಾವ ಸೆಕ್ಷನ್ನಿಂದಲೂ ಹುಟ್ಟುವುದಿಲ್ಲ. ಆ ಅಳುಕು ಇನ್ನೂ ಇರುವ ಹುಡುಗನನ್ನು ವಾಪಸ್ ತರುವುದು ಸುಲಭ.

ಪ್ರಶ್ನೆ (ಮಾಗಡಿ ರಸ್ತೆ, ತಾಯಿ): ನನ್ನ ಮಗನಿಗೆ 15 ವರ್ಷ. ದೊಡ್ಡ ಹುಡುಗರ ಜೊತೆ ವೀಲಿಂಗ್ ಮಾಡಲು ಹೋಗುತ್ತಾನೆ. ಮೊನ್ನೆ ಯಾರದೋ ಮೊಬೈಲ್ ಕಿತ್ತುಕೊಂಡ ವಿಷಯದಲ್ಲಿ ಇವನ ಹೆಸರೂ ಬಂದಿದೆ. ಒಮ್ಮೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದರೆ ಜೀವನ ಹಾಳು ಅಲ್ವಾ?

ಉತ್ತರ: ಇಲ್ಲಮ್ಮ, ಹಾಳಾಗಬೇಕಿಲ್ಲ. 2015ರ ಬಾಲನ್ಯಾಯ ಕಾಯ್ದೆ 18 ತುಂಬದವರನ್ನು ಬೇರೆಯೇ ದಾರಿಯಲ್ಲಿ ನಡೆಸುತ್ತದೆ. ಲಾಕಪ್‌ಗೆ ಹಾಕುವಂತಿಲ್ಲ, ಕೈಗೆ ಬೇಡಿ ತೊಡಿಸುವಂತಿಲ್ಲ. ಹಿಡಿದರೆ 24 ಗಂಟೆಯೊಳಗೆ ಮಕ್ಕಳ ಕೇಸುಗಳನ್ನು ನೋಡುವ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಎಎಸ್‌ಐ ದರ್ಜೆಗಿಂತ ಕೆಳಗಿನವರಲ್ಲ. ನೀವು ಅವರನ್ನೇ ಕೇಳಿ ಮಾತಾಡಿ.

ಒಂದು ಮಾತು ಗಮನಿಸಿ. ಮಕ್ಕಳ ಮೇಲೆ ಸಣ್ಣ ಅಪರಾಧಕ್ಕೆ ಸಾಮಾನ್ಯವಾಗಿ ಎಫ್‌ಐಆರ್ ಹಾಕುವುದಿಲ್ಲ, ಠಾಣೆಯ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಆದರೆ 18 ದಾಟಿದವರ ಜೊತೆ ಸೇರಿ ಮಾಡಿದ ಆರೋಪ ಇದ್ದರೆ ಎಫ್‌ಐಆರ್ ಆಗಬಹುದು. ಆ 'ದೊಡ್ಡ ಹುಡುಗರು' ಅನ್ನುವ ಮಾತು ನನಗೆ ಜಾಸ್ತಿ ಚಿಂತೆ ತಂದಿದ್ದು ಅದಕ್ಕೇ.

ಆಮೇಲೆ ನನ್ನಂಥ ಪ್ರೊಬೇಷನ್ ಆಫೀಸರ್‌ಗಳು ಮನೆಗೆ ಬರುತ್ತಾರೆ, ಸಾಮಾಜಿಕ ತನಿಖಾ ವರದಿ ಬರೆಯಲು. ಹುಡುಗನ ಓದು, ಮನೆಯ ಸ್ಥಿತಿ, ಚಟ, ಗೆಳೆಯರು, ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ನಾನು ಮೊದಲು ಕೇಳುವುದು ಶಾಲೆಯ ಡೈರಿ. ಒಂದು ಮನೆಯಲ್ಲಿ ಅಪ್ಪನ ಸಹಿಯನ್ನೆಲ್ಲಾ ಹುಡುಗನೇ ಹಾಕಿಕೊಂಡಿದ್ದ. ಅಪ್ಪ ರಾತ್ರಿ ಕ್ಯಾಬ್ ಓಡಿಸುತ್ತಾರೆ, ಅಮ್ಮ ಬೆಳಿಗ್ಗೆಯೇ ಗಾರ್ಮೆಂಟ್ಸ್‌ಗೆ ಹೊರಡುತ್ತಾರೆ. ಇಬ್ಬರೂ ಒಳ್ಳೆಯವರು, ದುಡಿದು ಹಣ್ಣಾಗಿದ್ದಾರೆ. ಸ್ಕೂಲ್ ಬಿಟ್ಟ ಮೇಲೆ ರಾತ್ರಿಯವರೆಗೂ ಹುಡುಗ ಎಲ್ಲಿರುತ್ತಾನೆ ಅಂದರೆ ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಗೆಳೆಯರ ಹೆಸರು ಕೇಳಿದಾಗ ಅಮ್ಮ ಗಂಡನ ಮುಖ ನೋಡಿದರು. ವರದಿಯಲ್ಲಿ ನಾನು ಒತ್ತಿ ಬರೆದದ್ದು ಆ ಸಂಜೆಯ ಹೊತ್ತಿನ ಬಗ್ಗೆಯೇ. ಅದೇ ಬಡಾವಣೆಯಲ್ಲಿದ್ದ ಚಿಕ್ಕಪ್ಪನ ಗ್ಯಾರೇಜಿನಲ್ಲಿ ಸಂಜೆ ಕೂರಬೇಕು ಅಂತಾಯಿತು, ವಾರಕ್ಕೊಮ್ಮೆ ಕೌನ್ಸೆಲಿಂಗ್. ಚಿಕ್ಕಪ್ಪ ಸ್ಕೂಲಿಗೂ ಹೋಗಿ ಮೇಷ್ಟ್ರ ನಂಬರ್ ತಗೊಂಡು ಬಂದರು.

ಮಂಡಳಿ ಬುದ್ಧಿ ಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆ ಕೊಡಬಹುದು, ಪ್ರೊಬೇಷನ್ ಮೇಲೆ, ಅಂದರೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಅಪ್ಪ ಅಮ್ಮನ ವಶಕ್ಕೇ ಬಿಡಬಹುದು. ತಪ್ಪು ಮಾಡಿದ ಮಕ್ಕಳನ್ನು ಇರಿಸುವ ಹೋಮ್‌ಗೆ ಕಳಿಸುವುದು ಕೊನೆಯ ದಾರಿ. ತಪ್ಪು ಸಾಬೀತಾದರೂ ಅದರಿಂದ ಮುಂದೆ ಕೆಲಸಕ್ಕೆ ಅನರ್ಹ ಆಗುವುದಿಲ್ಲ, ಗೊತ್ತಾದ ಅವಧಿ ಮುಗಿದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು. 16 ದಾಟಿ ತೀರಾ ಘೋರ ಅಪರಾಧ ಮಾಡಿದ್ದರೆ ಮಾತ್ರ ವಿಷಯ ಬೇರೆ.

ಬೈಕಿನ ಕೀ ಇವತ್ತೇ ತೆಗೆದಿಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಪ್ರಶ್ನೆ (ಯಶವಂತಪುರ, ಅಂಗಡಿ ಇಟ್ಟಿರುವವರು): ಇಷ್ಟು ಸಡಿಲ ಬಿಟ್ಟರೆ ಹೆದರಿಕೆ ಎಲ್ಲಿಂದ ಬರಬೇಕು? ಬೀದಿಗೊಂದು ಕ್ಯಾಮೆರಾ ಹಾಕಿ, ಹಿಡಿದು ನಾಲ್ಕು ಬಾರಿಸಿದರೆ ಸಾಕು.

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಕಳ್ಳತನವಾದರೆ ನಷ್ಟ ನಿಮ್ಮದೇ. ಆದರೆ ಬಾರಿಸುವುದು ಕಾನೂನಿಗೆ ವಿರುದ್ಧ. ಏಟು ತಿಂದು ಬಂದವನಿಗೆ ಗೆಳೆಯರ ನಡುವೆ ಹೆಸರು ಬರುತ್ತದೆ, ಅಷ್ಟೇ. ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದು ಜಾಸ್ತಿ ತಡೆಯುತ್ತದೆ ಅಂತ ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಬರೆದಿದ್ದರು. ಆ ಲೆಕ್ಕದಲ್ಲಿ ಕ್ಯಾಮೆರಾ ಬೇಕು, ರಾತ್ರಿ ಬೀಟ್ ಬೇಕು. ಆದರೆ 'ಯಾಕಪ್ಪಾ ಸ್ಕೂಲಿಗೆ ಹೋಗಿಲ್ಲ?' ಅಂತ ಕ್ಯಾಮೆರಾ ಕೇಳುವುದಿಲ್ಲ, ನೀವು ಕೇಳಬಹುದು. ಶಿಕಾಗೋ ನಗರದ ಬಡಾವಣೆಗಳ ಬಗ್ಗೆ 1997ರಲ್ಲಿ ಬಂದ ಒಂದು ಅಧ್ಯಯನವೂ ಇದನ್ನೇ ಹೇಳಿತು. ನೆರೆಯವರು ಒಬ್ಬರನ್ನೊಬ್ಬರು ನಂಬಿ, ಬೀದಿಯ ಮಕ್ಕಳ ವಿಷಯಕ್ಕೆ ತಲೆ ಹಾಕುವ ಕಡೆ ಹಿಂಸೆ ಕಡಿಮೆ. ಬಡತನ ಇದ್ದ ಕಡೆಯೂ ಅಷ್ಟೇ.

ಇನ್ನೊಂದು, ಕೇಳಿದ್ದಕ್ಕೆ ಹೇಳುತ್ತಿದ್ದೇನೆ. ಮಕ್ಕಳಿಗೆ ಸಿಗರೇಟು, ಗುಟ್ಕಾ ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನೀವು ಕೊಡುವುದಿಲ್ಲ ಅಂತ ನಂಬುತ್ತೇನೆ. ಪಕ್ಕದ ಅಂಗಡಿಯವರಿಗೂ ಹೇಳಿ.

ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ): ತಮ್ಮನಿಗೆ 22. ಗಾಂಜಾ ಚಟ. ಪೊಲೀಸರ ಭಯಕ್ಕೆ ಆಸ್ಪತ್ರೆಗೂ ಕರೆದುಕೊಂಡು ಹೋಗಿಲ್ಲ.

ಉತ್ತರ: ಹೋಗಿ, ಭಯ ಬೇಡ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಮೊದಲು ಫೋನಿನಲ್ಲಿ ಮಾತಾಡಬೇಕು ಅನಿಸಿದರೆ ವ್ಯಸನ ಬಿಡಿಸುವ ಸಹಾಯವಾಣಿ 14446ಕ್ಕೆ ಮಾಡಿ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸ್ ಆಗಿದ್ದರೂ, ತಾನಾಗಿಯೇ ಚಿಕಿತ್ಸೆಗೆ ಬರುವ ವ್ಯಸನಿಗೆ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅದಕ್ಕೇ ಜೊತೆಗೆ ಮನೆಯವರೊಬ್ಬರು ಇರಿ. ವಕೀಲರ ಖರ್ಚು ಕಷ್ಟ ಅಂದರೆ ಉಚಿತ ಕಾನೂನು ನೆರವಿಗೆ 15100.