ಕೇಂದ್ರದ ಒತ್ತಡ ಒಂದೇ ಇದ್ದರೂ ಹರಿಕೇನ್‌ಗಳ ಗಾಳಿಯ ವೇಗ ಬೇರೆಯಾಗುವುದೇಕೆ?

ಪ್ರಶ್ನೆ:
ಕೇಂದ್ರದಲ್ಲಿ ವಾಯುಭಾರ ಕುಸಿದಷ್ಟೂ ಹರಿಕೇನ್‌ನ ಬಲ ಹೆಚ್ಚುತ್ತದೆ ಎಂದು ಓದಿದ್ದೇನೆ. ಆದರೆ 1992ರಲ್ಲಿ ಫ್ಲಾರಿಡಾದ ನೆಲ ಮುಟ್ಟಿದಾಗ ಆಂಡ್ರ್ಯೂವಿನ ಕೇಂದ್ರದ ಒತ್ತಡ 922 ಹೆಕ್ಟೊಪಾಸ್ಕಲ್ ಇತ್ತು. 2005ರಲ್ಲಿ ಲೂಸಿಯಾನಾ ತೀರಕ್ಕೆ ಬಂದ ಕತ್ರಿನಾದ್ದು 920. ಹೀಗಿದ್ದೂ ಆಂಡ್ರ್ಯೂವಿನ ಗಾಳಿ ಗಂಟೆಗೆ ಸುಮಾರು 270 ಕಿ.ಮೀ., ಕತ್ರಿನಾದ ಗಾಳಿ ಸುಮಾರು 205 ಕಿ.ಮೀ. ವೇಗದಲ್ಲಿ ಬೀಸಿತು. ಹಾಗಾದರೆ ಒತ್ತಡದಿಂದ ಬಲವನ್ನು ಅಳೆಯುವುದು ಎಷ್ಟು ಸರಿ?

ಮೊದಲ ಉತ್ತರ:
ನೀವು ಓದಿದ್ದು ತಪ್ಪಲ್ಲ, ಅಪೂರ್ಣ. ಬೆಚ್ಚಗಿನ ಕಡಲಿನಿಂದ ಮೇಲೇರುವ ತೇವದ ಗಾಳಿಯಲ್ಲಿ ನೀರಾವಿ ಸಾಂದ್ರೀಕರಿಸುವಾಗ ಹೊರಬೀಳುವ ಗುಪ್ತೋಷ್ಣವು ಚಂಡಮಾರುತದ ನಡುಭಾಗವನ್ನು ಸುತ್ತಲಿನ ವಾತಾವರಣಕ್ಕಿಂತ ಬೆಚ್ಚಗಾಗಿಸುತ್ತದೆ. ಬೆಚ್ಚಗಾದ ಗಾಳಿಯ ಕಂಬ ಹಗುರವಾಗುವುದರಿಂದ ಅದರ ಬುಡದಲ್ಲಿ, ಅಂದರೆ ಸಮುದ್ರಮಟ್ಟದಲ್ಲಿ, ಒತ್ತಡ ಇಳಿಯುತ್ತದೆ. ಆದರೆ ಗಾಳಿಯನ್ನು ತಳ್ಳುವುದು ಕೇಂದ್ರದ ಒತ್ತಡವೊಂದೇ ಅಲ್ಲ, ಹೊರಗಿನ ಹೆಚ್ಚು ಒತ್ತಡದಿಂದ ಒಳಗಿನ ಕಡಿಮೆ ಒತ್ತಡಕ್ಕೆ ಎಷ್ಟು ದೂರದಲ್ಲಿ ಇಳಿಯುತ್ತೇವೆ ಎಂಬ ಇಳಿಜಾರು. ಆಂಡ್ರ್ಯೂ ಚಿಕ್ಕದಾಗಿತ್ತು, ಅದರ ಸಮಭಾರ ರೇಖೆಗಳು (ನಕ್ಷೆಯಲ್ಲಿ ಒಂದೇ ಒತ್ತಡವಿರುವ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತೊತ್ತಾಗಿದ್ದವು. ಕತ್ರಿನಾದಲ್ಲಿ ಹೆಚ್ಚುಕಡಿಮೆ ಅಷ್ಟೇ ಕುಸಿತ ಬಹಳ ವಿಶಾಲವಾದ ಪ್ರದೇಶಕ್ಕೆ ಹರಡಿಕೊಂಡಿತ್ತು.

ಎರಡನೆಯ ಉತ್ತರ:
ಇದಕ್ಕೆ ಒಂದು ಮಾತು ಸೇರಿಸಬೇಕು: ಸುತ್ತಲಿನ ಒತ್ತಡವೂ ಎಲ್ಲೆಡೆ ಒಂದೇ ಇರುವುದಿಲ್ಲ. ಸಮುದ್ರಮಟ್ಟದ ಪ್ರಮಾಣಿತ ಒತ್ತಡ ಸುಮಾರು 1013 ಹೆಕ್ಟೊಪಾಸ್ಕಲ್ ಎನ್ನುತ್ತೇವಾದರೂ, ಪಶ್ಚಿಮ ಶಾಂತಸಾಗರದಲ್ಲಿ ಚಂಡಮಾರುತಗಳ ಸುತ್ತಲಿನ ಒತ್ತಡ ಸಾಮಾನ್ಯವಾಗಿ ಅಟ್ಲಾಂಟಿಕ್ ಹಾಗೂ ಪೂರ್ವ ಶಾಂತಸಾಗರಗಳಿಗಿಂತ ತುಸು ಕಡಿಮೆ. ಹಾಗಾಗಿ 1979ರಲ್ಲಿ 870 ಹೆಕ್ಟೊಪಾಸ್ಕಲ್‌ಗೆ ಇಳಿದು ದಾಖಲೆ ಬರೆದ ಟಿಪ್ ಟೈಫೂನ್‌ಗಿಂತ (ಪಶ್ಚಿಮ ಶಾಂತಸಾಗರದಲ್ಲಿ ಹರಿಕೇನ್‌ಗೆ ಟೈಫೂನ್ ಎನ್ನುತ್ತಾರೆ), ಪೂರ್ವ ಶಾಂತಸಾಗರದಲ್ಲಿ 872ಕ್ಕೆ ಇಳಿದ 2015ರ ಪೆಟ್ರೀಷಿಯಾ ಹರಿಕೇನ್‌ನ ಗಾಳಿ ಹೆಚ್ಚು ವೇಗವಾಗಿದ್ದುದು ವಿಚಿತ್ರವಲ್ಲ. ಮೇಲಾಗಿ ಟಿಪ್‌ನ ವಿಸ್ತಾರವೂ ಅಸಾಧಾರಣವಾಗಿತ್ತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಿದ್ದರೆ ಗಾಳಿ ಕಡಿಮೆಯಿದ್ದ ಕತ್ರಿನಾದ ಸಮುದ್ರದ ಉಬ್ಬರ ಅಷ್ಟು ಎತ್ತರಕ್ಕೆ ಏರಿದ್ದು ಕೇಂದ್ರದ ಕಡಿಮೆ ಒತ್ತಡದಿಂದಲೇ?

ಮೂರನೆಯ ಉತ್ತರ:
ಅದರ ಪಾಲು ಚಿಕ್ಕದು. ಒತ್ತಡ 1 ಹೆಕ್ಟೊಪಾಸ್ಕಲ್ ಇಳಿದರೆ ಕಡಲಮಟ್ಟ ಸುಮಾರು 1 ಸೆಂ.ಮೀ. ಏರುತ್ತದೆ, ಆ ಲೆಕ್ಕದಲ್ಲಿ ಕತ್ರಿನಾದಲ್ಲಿ ಒಂದು ಮೀಟರಿಗೂ ಕಡಿಮೆ. ಮಿಸಿಸಿಪ್ಪಿ ತೀರದ ಕೆಲವೆಡೆ ನೀರು 8 ಮೀಟರಿಗೂ ಮೇಲೇರಿದ್ದು, ವಿಶಾಲ ಪ್ರದೇಶದ ಗಾಳಿ ಆಳವಿಲ್ಲದ ಕರಾವಳಿಯತ್ತ ನೀರನ್ನು ಬಹುಹೊತ್ತು ತಳ್ಳಿದ್ದರಿಂದ. ಹರಿಕೇನ್‌ಗಳನ್ನು ಒಂದರಿಂದ ಐದರವರೆಗಿನ ದರ್ಜೆಗಳಾಗಿ ವಿಂಗಡಿಸುವ ಸಫಿರ್-ಸಿಂಪ್ಸನ್ ಮಾಪಕದಿಂದ ಒತ್ತಡ ಹಾಗೂ ಉಬ್ಬರದ ಅಂಕಿಗಳನ್ನು ಕೈಬಿಟ್ಟು ಗಾಳಿಯ ವೇಗವನ್ನಷ್ಟೇ ಉಳಿಸಿಕೊಂಡದ್ದಕ್ಕೆ ಇಂಥ ಹೊಂದಾಣಿಕೆಯಿಲ್ಲದ ಉದಾಹರಣೆಗಳೇ ಕಾರಣ. ಆದರೂ ನನ್ನ ದೃಷ್ಟಿಯಲ್ಲಿ, ಚಂಡಮಾರುತದ ವಿಸ್ತಾರವನ್ನೂ ಒಳಗೊಂಡ ಒಟ್ಟು ಅಪಾಯವನ್ನು ಅಂದಾಜಿಸಲು ಮಾಪಕದ ದರ್ಜೆಗಿಂತ ಕೇಂದ್ರದ ಒತ್ತಡವೇ ಹೆಚ್ಚು ನೆರವಾಗುತ್ತದೆ.