ಮೂರು ಕಾಲಿನ ಮೊಲ

ನಮ್ಮ ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ನುಡಿಸುವ ವಾದ್ಯವೇ ಹೆಸರು. ಡ್ರಮ್ಮು, ಬೇಸು, ಕೀಬೋರ್ಡು. ಮಿಕ್ಸರ್ ಮುಂದೆ ಕೂರುವ ಹಿರಿಯರು ಸೌಂಡಣ್ಣ. ನಾನು ಮಾತ್ರ ‘ಇಸ್ತ್ರಿ’. ಪೆಡಲ್ ಸ್ಟೀಲ್ ಗಿಟಾರನ್ನು ಒಮ್ಮೆ ನೋಡಿದವರು ಯಾಕೆ ಅಂತ ಕೇಳುವುದಿಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಹಲಗೆ, ಅದರ ಹಿಂದೆ ಕೂತು ಉಕ್ಕಿನ ತುಂಡೊಂದನ್ನು ಅತ್ತಿಂದಿತ್ತ ಜಾರಿಸುವ ಒಬ್ಬ ಮನುಷ್ಯ. ಪಕ್ಕದಲ್ಲಿ ಬಟ್ಟೆಯ ರಾಶಿ ಇಲ್ಲ, ಅಷ್ಟೇ.

ಮೊನ್ನೆ ಅಭ್ಯಾಸಕ್ಕೆ ಹೊಸ ಮಲ್ಟಿ ಎಫೆಕ್ಟ್ಸ್ ಪೆಟ್ಟಿಗೆ ಹಿಡಿದುಕೊಂಡು ಹೋದೆ. ವಾದ್ಯದ ಧ್ವನಿಯನ್ನು ಬಗೆಬಗೆಯಾಗಿ ಬದಲಿಸುವ, ಕಾಲಲ್ಲಿ ತುಳಿಯುವ ಪೆಟ್ಟಿಗೆ ಅದು. ಆವತ್ತು ಹಾಡು ಒಂದೂ ಆಗಲಿಲ್ಲ. ಬರೀ ಮಾತೇ ಆಯಿತು.

ಡ್ರಮ್ಮು ಪೆಟ್ಟಿಗೆಗೆ ಒಂದು ಪ್ರದಕ್ಷಿಣೆ ಹಾಕಿದ. “ಎಷ್ಟು ಎಫೆಕ್ಟ್ ಇದೆಯೋ ಇದರಲ್ಲಿ?”

“ಇನ್ನೂರಕ್ಕೂ ಜಾಸ್ತಿ.”

“ನಿನಗೆ ಬೇಕಾಗಿರೋದು?”

“ಎರಡು. ಪ್ರತಿಧ್ವನಿಗೆ ಡಿಲೇ, ದೊಡ್ಡ ಕೋಣೆಯ ಗುಂಗಿಗೆ ರಿವರ್ಬ್.”

“ಸರಿ ಬಿಡು, ಸೂಜಿ ಬೇಕು ಅಂತ ಕಬ್ಬಿಣದ ಕಾರ್ಖಾನೆ ಕೊಂಡಿದ್ದೀಯ.”

ಬೇಸು ಯಾವಾಗಲೂ ನಿಧಾನ. ಅವನು ಪೆಟ್ಟಿಗೆ ನೋಡಲಿಲ್ಲ, ನನ್ನ ಕಾಲು ನೋಡುತ್ತಿದ್ದ. “ಅಲ್ಲ ಮಾರಾಯಾ, ಇದನ್ನು ನೆಲದ ಮೇಲೆ ಇಟ್ಟಿದ್ದೀಯಲ್ಲ, ತುಳಿಯೋರು ಯಾರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊಳ್ಳುವ ಮೊದಲು ಈ ಪ್ರಶ್ನೆ ಹೊಳೆದಿರಲಿಲ್ಲ ಅಂತ ಒಪ್ಪಿಕೊಳ್ಳುವುದಕ್ಕೂ ಆಗಲಿಲ್ಲ.

“ಲೆಕ್ಕ ಹಾಕೋಣ” ಅಂತ ಕೀಬೋರ್ಡು ಬೆರಳು ಮಡಚಿದಳು. “ಎಡಗಾಲು ಏನು ಮಾಡುತ್ತೆ?”

“ಮೂರು ಪೆಡಲ್ ಒತ್ತುತ್ತೆ. ಮೊದಲನೆಯದು 5ನೇ, 10ನೇ ತಂತಿಯ ಬಿ ಸ್ವರವನ್ನು ಸಿ ಶಾರ್ಪ್‌ಗೆ ಎಳೆಯುತ್ತೆ. ಎರಡನೆಯದು 3ನೇ, 6ನೇ ತಂತಿಯ ಜಿ ಶಾರ್ಪನ್ನು ಎ ಮಾಡುತ್ತೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಇ ಕಾರ್ಡ್, ಅಂದರೆ ಆ ಸ್ವರಗಳ ಗುಂಪು, ಹೋಗಿ ಎ ಕಾರ್ಡ್ ಬರುತ್ತೆ. ಕೈ ಕದಲಿಸಬೇಕಾಗಿಲ್ಲ.”

“ಬಲಗಾಲು?”

“ವಾಲ್ಯೂಮ್ ಪೆಡಲ್ ಮೇಲೆ. ಶುರುವಿನಿಂದ ಕೊನೆವರೆಗೂ ಅಲ್ಲೇ.”

“ಮೊಣಕಾಲು?”

“ಎಡಮೊಣಕಾಲಿಗೆ ಮೂರು ಲಿವರ್. ಎಡಕ್ಕೆ ಒಂದು, ಬಲಕ್ಕೆ ಒಂದು, ಮೇಲಕ್ಕೆ ಎತ್ತೋಕೆ ಒಂದು. ಬಲಮೊಣಕಾಲಿಗೆ ಎರಡು. ಎಡಗೈಯಲ್ಲಿ ಬಾರ್, ಬಲಗೈಯ ಮೂರು ಬೆರಳಿಗೆ ಪಿಕ್.”

“ಇದು ವಾದ್ಯ ಅಲ್ಲ ಕಣೋ, ಅಷ್ಟಾವಧಾನ!”

“ಅಷ್ಟಾವಧಾನದಲ್ಲಿ ಮಧ್ಯೆ ಮಧ್ಯೆ ಗಂಟೆ ಬಾರಿಸೋಕಾದರೂ ಬೇರೆಯವರು ಇರ್ತಾರೆ” ಅಂದೆ. “ಇಲ್ಲಿ ಗಂಟೆನೂ ನಾನೇ ಬಾರಿಸಬೇಕು.”

ಸೌಂಡಣ್ಣ ಕೇಬಲ್ ಸುತ್ತುತ್ತಾ ಮಾತಿಗೆ ಬಂದರು. ಅವರು ಬಾಯಿ ಬಿಟ್ಟರೆ ಇಸವಿ ಉದುರುತ್ತವೆ. “ಮುಂಚೆ ಇಷ್ಟು ಗೋಳು ಇರಲಿಲ್ಲಪ್ಪ. ಬೇರೆ ಬೇರೆ ಟ್ಯೂನಿಂಗ್ ಬೇಕು ಅಂದರೆ ಒಂದೇ ಹಲಗೆ ಮೇಲೆ ಎರಡು, ಮೂರು, ನಾಲ್ಕು ಸಾಲು ತಂತಿ ಕಟ್ಟುತ್ತಿದ್ದರು. 1954ರಲ್ಲಿ ಅಮೆರಿಕದ ಸ್ಟೀಲ್ ವಾದಕ ಬಡ್ ಐಸಾಕ್ಸ್ ನುಡಿಸಿದ ಒಂದು ಹಾಡು ಗೆದ್ದಿತು. ಅದರಲ್ಲಿ ಅವರು ತಂತಿ ಮೀಟಿದ ಮೇಲೆ, ಸ್ವರ ಕೇಳುತ್ತಿರುವಾಗಲೇ, ಪೆಡಲ್ ಒತ್ತಿದ್ದರು. ಕಾರ್ಡ್‌ನ ಒಳಗಿನ ಸ್ವರ ಜಾರಿತು. ಉಳಿದವರೆಲ್ಲ ತಮ್ಮ ವಾದ್ಯಕ್ಕೂ ಪೆಡಲ್ ಜೋಡಿಸೋಕೆ ಓಡಿದರು.”

“ಅವತ್ತಿಂದ ಕಾಲಿಗೆ ಬಿಡುವಿಲ್ಲ” ಅಂದ ಡ್ರಮ್ಮು.

“ಬಾಯಿಗಾದರೂ ಬಿಡುವಿತ್ತು. 1964ರಲ್ಲಿ ಇನ್ನೊಬ್ಬ ಸ್ಟೀಲ್ ವಾದಕ ಪೀಟ್ ಡ್ರೇಕ್ ಅದನ್ನೂ ಬಿಡಲಿಲ್ಲ. ಸ್ಟೀಲ್‌ನ ಧ್ವನಿಯನ್ನು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಯಿಸಿ, ಆ ಕೊಳವೆಯನ್ನು ಬಾಯಲ್ಲಿ ಇಟ್ಟುಕೊಂಡು, ತುಟಿ ಆಡಿಸಿ ಗಿಟಾರನ್ನೇ ಮಾತಾಡಿಸಿದರು.”

ಡ್ರಮ್ಮು ನನ್ನನ್ನೇ ನೋಡಿದ. ಕೊಳವೆ ಏನಾದರೂ ಸಿಕ್ಕಿದರೆ ನನ್ನ ಬಾಯಿ ಮುಚ್ಚಿಸಬಹುದು ಅನ್ನುವ ಆಸೆ ಅವನ ಕಣ್ಣಲ್ಲಿತ್ತು.

ಇರಲಿ, ಮೊದಲು ಧ್ವನಿ ಕೇಳೋಣ ಅಂತ ಪೆಟ್ಟಿಗೆಗೆ ವೈರು ಚುಚ್ಚಿದೆ. ಕಾರ್ಖಾನೆಯಲ್ಲೇ ತುಂಬಿ ಕಳಿಸಿದ ಮೊದಲ ಪ್ಯಾಚ್, ಅಂದರೆ ಸಿದ್ಧ ಸೆಟ್ಟಿಂಗ್. ಒಂದು ಕಾರ್ಡ್ ಮೀಟಿದೆ. ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ ಸದ್ದಾಯಿತು. ಕೀಬೋರ್ಡು ಕಿವಿ ಮುಚ್ಚಿಕೊಂಡಳು. ಪೆಟ್ಟಿಗೆಯ ಕೆಂಪು ದೀಪ ಉರಿದದ್ದು ಆರಲೇ ಇಲ್ಲ.

ಇದಕ್ಕೆ ಕಾರಣ ಎರಡು. ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಸುರುಳಿಗೆ ಪಿಕಪ್ ಅನ್ನುತ್ತಾರೆ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ ಅಳೆದರೆ 6, 7 ಕಿಲೋ ಓಮ್ ತೋರಿಸುತ್ತದೆ. ಸ್ಟೀಲ್‌ನ ಪಿಕಪ್ 17, 18 ತೋರಿಸುವುದು ಮಾಮೂಲು. ಅಷ್ಟು ಜಾಸ್ತಿ ತಂತಿ ಸುತ್ತಿರುತ್ತಾರೆ, ಸಿಗ್ನಲ್ಲೂ ಅಷ್ಟೇ ಜೋರು. ಇನ್‌ಪುಟ್ ಮಟ್ಟ ಇಳಿಸದಿದ್ದರೆ ಪೆಟ್ಟಿಗೆಯ ಬಾಗಿಲಲ್ಲೇ ಧ್ವನಿ ಒಡೆಯುತ್ತದೆ. ಎರಡನೆಯದು ನನ್ನದೇ ತಪ್ಪು. ಪೆಟ್ಟಿಗೆಯೊಳಗೆ ಒಂದು ನಕಲಿ ಆಂಪ್ (ಆಂಪ್ಲಿಫೈಯರ್), ಒಂದು ನಕಲಿ ಸ್ಪೀಕರ್ ಓಡುತ್ತಿದ್ದವು. ಅದರ ಧ್ವನಿ ಹೋಗುತ್ತಿದ್ದದ್ದು ನನ್ನ 15 ಇಂಚಿನ ಸ್ಪೀಕರ್ ಇರುವ ಅಸಲಿ ಆಂಪ್‌ಗೆ.

“ಆಂಪ್ ಮೇಲೆ ಆಂಪ್” ಅಂದರು ಸೌಂಡಣ್ಣ. “ಸ್ವೆಟರ್ ಮೇಲೆ ಕಂಬಳಿ ಹೊದ್ದು ಓಡೋಕೆ ಹೊರಟಿದ್ದೀಯ. ಆಂಪ್‌ಗೆ ಹೋಗೋದಾದರೆ ಒಳಗಿನದು ಎರಡನ್ನೂ ಆರಿಸು. ನೇರ ನನ್ನ ಮಿಕ್ಸರ್‌ಗೆ ಕೊಡೋದಾದರೆ ಮಾತ್ರ ಸ್ಪೀಕರ್ ಸಿಮ್ಯುಲೇಶನ್ ಬೇಕು.”

ಆರಿಸಿದೆ. ಧ್ವನಿ ಮನುಷ್ಯರದಾಯಿತು.

ಆಮೇಲೆ ಭೂತದ ಕಾಟ ಶುರುವಾಯಿತು. ಸ್ಟೀಲ್ ನುಡಿಸುವವರಿಗೆ ಒಂದು ಚಟ ಇದೆ. ವಾಲ್ಯೂಮ್ ಕೆಳಗಿಟ್ಟು ತಂತಿ ಮೀಟುತ್ತೇವೆ, ಆಮೇಲೆ ಮೆಲ್ಲಗೆ ಕಾಲು ಒತ್ತಿ ಸ್ವರವನ್ನು ಎಬ್ಬಿಸುತ್ತೇವೆ. ಮೀಟಿದ ಸದ್ದೇ ಕೇಳಿಸಬಾರದು. ಸ್ವರ ಸಣ್ಣದಾಗುತ್ತಾ ಹೋದಂತೆ ಕಾಲನ್ನು ಇನ್ನೂ ಒತ್ತುತ್ತೇವೆ. ಹಾಗಾಗಿ ನಮ್ಮ ಸ್ವರ ಸಾಯುವುದೇ ಇಲ್ಲ. ಅಳುವ ಮಗುವಿನ ಹಾಗೆ ಎಳೆಯುತ್ತಲೇ ಇರುತ್ತದೆ. ಆವತ್ತು ನಾನು ಮೀಟಿದೆ, ಕಾಲು ಒತ್ತಿದೆ. ಏನೂ ಇಲ್ಲ. ಇನ್ನೂ ಒತ್ತಿದೆ. ಇದ್ದಕ್ಕಿದ್ದ ಹಾಗೆ ‘ಭೋಂ’ ಅಂತ ಅರ್ಧದಿಂದ ಸ್ವರ ಹೊರಗೆ ಬಿತ್ತು. ಕೊನೆಯಲ್ಲಿ, ಇನ್ನೇನು ಕಣ್ಣಲ್ಲಿ ನೀರು ಬರಬೇಕು ಅನ್ನುವಾಗ, ಟಪ್ ಅಂತ ಕತ್ತರಿಸಿಹೋಯಿತು.

“ಕರೆಂಟ್ ಹೋಯಿತಾ?” ಅಂದ ಬೇಸು.

“ನಾಯ್ಸ್ ಗೇಟ್” ಅಂದರು ಸೌಂಡಣ್ಣ. “ನಿನ್ನ ಸಣ್ಣ ಸ್ವರವನ್ನು ಅದು ಗದ್ದಲ ಅಂದುಕೊಂಡು ಬಾಗಿಲು ಹಾಕುತ್ತಿದೆ. ಕಾವಲುಗಾರನಿಗೆ ಯಜಮಾನನ ಗುರುತೇ ಇಲ್ಲ.”

ಇಲ್ಲಿ ನಮ್ಮಲ್ಲಿ ಒಂದು ದೊಡ್ಡ ಜಗಳವೇ ಆಯಿತು. ವಾಲ್ಯೂಮ್ ಪೆಡಲ್ ಪೆಟ್ಟಿಗೆಗೆ ಮುಂಚೆ ಇರಬೇಕೋ ಆಮೇಲೋ? ಡ್ರಮ್ಮು ಆಮೇಲೆ ಅಂದ. ಹಾಕಿ ನೋಡಿದೆವು. ಕಾಲು ಎತ್ತಿದ ಕೂಡಲೇ ಡಿಲೇಯ ಪ್ರತಿಧ್ವನಿ, ರಿವರ್ಬ್‌ನ ಬಾಲ, ಎಲ್ಲ ಒಟ್ಟಿಗೆ ಸತ್ತವು. ಬೇಸು ಮುಂಚೆ ಅಂದ. ಆಗ ಗೇಟ್ ಕಾಟ. ಜೊತೆಗೆ ಇನ್ನೊಂದು ಉಪದ್ರವ: ಪಿಕಪ್‌ನಿಂದ ನೇರವಾಗಿ ಹಳೇ ತರಹದ ವಾಲ್ಯೂಮ್ ಪೆಡಲ್‌ಗೆ ಹೋದರೆ, ಅದರೊಳಗಿನ ಪಾಟ್ (ಧ್ವನಿ ಏರಿಳಿಸುವ ರೆಸಿಸ್ಟರ್) ಪಿಕಪ್‌ಗೆ ಹೊರೆಯಾಗಿ ಧ್ವನಿಯ ಹೊಳಪು ತಿನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಕೊನೆಗೆ ದಾರಿ ತೋರಿಸಿದ್ದು ಪೆಟ್ಟಿಗೆಯ ಬೆನ್ನು. ಅಲ್ಲಿ ಸೆಂಡ್, ರಿಟರ್ನ್ ಅಂತ ಎರಡು ತೂತು ಇದ್ದವು. ಗಿಟಾರಿನಿಂದ ಪೆಟ್ಟಿಗೆಯ ಒಳಕ್ಕೆ, ಸೆಂಡ್‌ನಿಂದ ಹೊರಗೆ ವಾಲ್ಯೂಮ್ ಪೆಡಲ್‌ಗೆ, ರಿಟರ್ನ್‌ನಿಂದ ಮತ್ತೆ ಒಳಕ್ಕೆ, ಅದಾದ ಮೇಲೆ ಡಿಲೇ, ರಿವರ್ಬ್, ಆಂಪ್. ಪಿಕಪ್‌ಗೆ ಹೊರೆ ಇಲ್ಲ, ಬಾಲ ಕತ್ತರಿಸುವುದಿಲ್ಲ. ಗೇಟನ್ನು ಅಂತೂ ನಾನು ಪೂರ್ತಿ ಆರಿಸಿದೆ. ಕಾವಲುಗಾರನಿಗೆ ನಿವೃತ್ತಿ. ಇಷ್ಟಕ್ಕೆ ಎರಡು ಗಂಟೆ ಹಿಡಿಯಿತು ಅಂದರೆ ನಗಬೇಡಿ. ಅರ್ಧ ಸಮಯ ಕೇಬಲ್ ಹುಡುಕುವುದರಲ್ಲೇ ಹೋಯಿತು.

ಪೆಟ್ಟಿಗೆಯಲ್ಲಿ ಟ್ಯೂನರ್ ಕೂಡ ಇತ್ತು. ಅದು ಅಳೆಯುವುದು ಸೆಂಟ್‌ನಲ್ಲಿ, ಅರ್ಧ ಸ್ವರಕ್ಕೆ ನೂರು ಸೆಂಟ್. ಬೇಸು ಬಗ್ಗಿ ನೋಡಿದ. “ಲೋ, ನಿನ್ನ ಜಿ ಶಾರ್ಪ್ 10 ಸೆಂಟ್ ಕೆಳಗಿದೆ.”

“ಬೇಕು ಅಂತಲೇ ಇಳಿಸಿದ್ದೀನಿ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.”

“ನೆಲವೇ ಡೊಂಕು ಕಣೋ! ಇ ಕಾರ್ಡ್‌ನಲ್ಲಿ ಜಿ ಶಾರ್ಪ್ ಮೂರನೇ ಸ್ವರ. ಟ್ಯೂನರ್ ಪ್ರಕಾರ ಅದು ಇ ಸ್ವರಕ್ಕಿಂತ 400 ಸೆಂಟ್ ಮೇಲಿರಬೇಕು. ಕಿವಿಗೆ ಶುದ್ಧವಾಗಿ ಕೇಳೋದು 386ರಲ್ಲಿ. 14 ಸೆಂಟ್ ವ್ಯತ್ಯಾಸ. ಸ್ಟೀಲ್‌ನಲ್ಲಿ ಸ್ವರ ಉದ್ದಕ್ಕೂ ನಿಲ್ಲುತ್ತೆ, ಅದಕ್ಕೇ ಆ ವ್ಯತ್ಯಾಸದಿಂದ ಹುಟ್ಟುವ ನಡುಕ ಎದ್ದು ಕೇಳಿಸುತ್ತೆ. ಪೂರ್ತಿ ಇಳಿಸಿದರೆ ನಿಮ್ಮ ಜೊತೆ ಸೇರಲ್ಲ, ಇಳಿಸದಿದ್ದರೆ ನನಗೆ ಸೇರಲ್ಲ. ಮಧ್ಯದಲ್ಲಿ ರಾಜಿ.”

ಕೀಬೋರ್ಡಿನ ಮುಖ ಕೆಂಪಗಾಯಿತು. “ಅಂದರೆ ನನ್ನ ವಾದ್ಯದಲ್ಲಿ ಎಲ್ಲ ಮೂರನೇ ಸ್ವರವೂ ತಪ್ಪು ಅಂತಲಾ?”

ಗಣಿತದ ಪ್ರಕಾರ ಹೌದು. ಸ್ನೇಹದ ಪ್ರಕಾರ ನಾನು ಬಾರ್ ಒರೆಸತೊಡಗಿದೆ.

ಮಾತು ಬದಲಿಸಲು ಒಂದೊಂದೇ ಎಫೆಕ್ಟ್ ಹಾಕಿ ತೋರಿಸಿದೆ. ಜೊತೆಸ್ವರ ಸೇರಿಸುವ ಹಾರ್ಮನೈಸರ್ ಜಾರುವ ಸ್ವರದ ಹಿಂದೆ ಓಡಿ ಓಡಿ ಮುಗ್ಗರಿಸಿತು. ರೋಟರಿ ಸ್ಪೀಕರ್ ಚೆನ್ನಾಗಿತ್ತು, ಆರ್ಗನ್ ಅಂತ ನಂಬಬಹುದು, ಆದರೆ ಕೀಬೋರ್ಡಿನ ಕೋಪ ಇನ್ನೂ ಆರಿರಲಿಲ್ಲ. ಧ್ವನಿಯನ್ನು ಬೇಕಂತಲೇ ಒಡೆದು ಒರಟು ಮಾಡುವ ಫಜ್ ಹಾಕಿದಾಗ ಡ್ರಮ್ಮು ಕುಣಿದಾಡಿದ.

“ನಗಬೇಡಿ” ಅಂದರು ಸೌಂಡಣ್ಣ. “1960ರ ದಶಕದ ಕೊನೆಯಲ್ಲೇ ಸ್ಟೀಲ್ ವಾದಕ ಸ್ನೀಕಿ ಪೀಟ್ ಕ್ಲೈನೋ ತಮ್ಮ ಸ್ಟೀಲ್‌ಗೆ ಫಜ್ ಹಾಕಿದ್ದರು. ಸಿನಿಮಾಗಳಿಗೆ ಸ್ಪೆಷಲ್ ಎಫೆಕ್ಟ್ಸ್ ಮಾಡೋದೂ ಅವರ ಕಸುಬು. ಹಗಲೂ ರಾತ್ರಿ ಎಫೆಕ್ಟೇ.”

“ಹಾಗಾದರೆ ನೀನು ಯಾಕೋ ಎರಡಕ್ಕೇ ಜೋತು ಬಿದ್ದಿದ್ದೀಯ?” ಅಂದ ಡ್ರಮ್ಮು. “1983ರಲ್ಲಿ ಸಂಗೀತಗಾರ ಬ್ರಯಾನ್ ಈನೋ ಜೊತೆ ಡೇನಿಯಲ್ ಲನ್ವಾ ಚಂದ್ರಯಾನದ ಆಲ್ಬಮ್‌ನಲ್ಲಿ ಇದೇ ಸ್ಟೀಲನ್ನು ಚಂದ್ರನ ಮೇಲೆ ತೇಲಿಸಲಿಲ್ವಾ? ನೀನೂ ತೇಲಿಸು.”

“ನಾನು ಮೊದಲು ನೆಲದ ಮೇಲೆ ನಿಲ್ತೀನಿ. ಡಿಲೇ 350 ಮಿಲಿಸೆಕೆಂಡ್, ಎರಡೋ ಮೂರೋ ಸಲ ಮರುಕಳಿಸಬೇಕು, ಅದೂ ಮೆಲ್ಲಗೆ. ಅಷ್ಟು ಸಾಕು. ಡಿಲೇ ಇದೆ ಅಂತ ಯಾರಿಗೂ ಗೊತ್ತಾಗಬಾರದು.”

“ಯಾರಿಗೂ ಗೊತ್ತಾಗಬಾರದ ಸದ್ದಿಗೆ ಇಷ್ಟು ದುಡ್ಡು ಕೊಟ್ಟಿದ್ದೀಯ?”

“ಕೊಟ್ಟಿದ್ದೀನಿ. ಆದರೆ ಸೋಲೋ ಬಂದಾಗ ಧ್ವನಿ ಸ್ವಲ್ಪ ಮೇಲೆ ಬರಬೇಕಲ್ಲ, ಅದಕ್ಕೆ ಒಂದು ಬೂಸ್ಟ್ ಸ್ವಿಚ್ ಇಟ್ಟಿದ್ದೀನಿ. ಒಂದೇ ಒಂದು ಸ್ವಿಚ್.”

ಮತ್ತೆ ಅಲ್ಲಿಗೇ ಬಂದೆವು. ತುಳಿಯೋರು ಯಾರು?

ಪೆಟ್ಟಿಗೆಯನ್ನು ಒಂದು ಸ್ಟ್ಯಾಂಡ್ ಮೇಲೆ ಬಲಗೈಗೆ ಸಿಗುವ ಹಾಗೆ ಇಡು, ಹಾಡಿನ ಮಧ್ಯೆ ಬಿಡುವು ಸಿಕ್ಕಾಗ ಬೆರಳಲ್ಲಿ ಒತ್ತು ಅಂದರು ಸೌಂಡಣ್ಣ. ಬುದ್ಧಿವಂತರು ಹೀಗೇ ಮಾಡುತ್ತಾರೆ. ಆದರೆ ನನಗೆ ಹಟ. ಕಾಲಲ್ಲಿ ತುಳಿಯುವ ಸ್ವಿಚ್ ಅಂದ ಮೇಲೆ ಕಾಲಲ್ಲೇ ತುಳಿಯಬೇಕು.

“ನೀನು ಹಿಡಿದ ಮೊಲಕ್ಕೆ ಮೂರೇ ಕಾಲು” ಅಂದಳು ಕೀಬೋರ್ಡು.

“ಇರಲಿ, ಆ ಮೂರನೇ ಕಾಲನ್ನೇ ನನಗೆ ಕೊಡಿಸು.”

ಎಲ್ಲರ ಕಣ್ಣೂ ಒಟ್ಟಿಗೆ ಬೇಸಿನ ಮೇಲೆ ಹೋಯಿತು. ಅವನು ನಿಲ್ಲುವುದು ನನ್ನ ಪಕ್ಕದಲ್ಲೇ. ಎರಡು ಕಾಲು, ಎರಡೂ ಖಾಲಿ. ಕೈಯಲ್ಲಿ ನಾಲ್ಕು ತಂತಿ.

“ಸೋಲೋಗೆ ನಾನು ತಲೆ ಆಡಿಸ್ತೀನಿ. ನೀನು ಒಂದು ಸಲ ತುಳಿ. ಮುಗಿದಾಗ ಇನ್ನೊಂದು ಸಲ. ಅಷ್ಟೇ ಗುರು.”

“ಅಷ್ಟು ಮಾಡಲ್ವಾ ನಿನಗೋಸ್ಕರ” ಅಂದ.

ಕಾರ್ಯಕ್ರಮದ ದಿನ ಸೋಲೋ ಬಂತು. ತಲೆ ಆಡಿಸಿದೆ. ಬೇಸು ಬಲಗಾಲು ಮುಂದಿಟ್ಟು ಸ್ವಿಚ್ ತುಳಿದ. ಧ್ವನಿ ಮೇಲೆ ಬಂತು. ನನಗೆ ಖುಷಿಯೋ ಖುಷಿ. ಆದರೆ ಅವನು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಹುಟ್ಟಿದಾಗಿನಿಂದ ಅವನು ಬಲಗಾಲಲ್ಲೇ ತಾಳ ಹಾಕುವವನು ಅನ್ನುವುದು ಅಷ್ಟು ಹೊತ್ತು ನಮಗೆ ಯಾರಿಗೂ ನೆನಪಾಗಲಿಲ್ಲ. ತಾಳದ ಒಂದು ಏಟಿಗೆ ಧ್ವನಿ ಮೇಲೆ, ಇನ್ನೊಂದು ಏಟಿಗೆ ಕೆಳಗೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ನಾನು ಅವನತ್ತ ಜೋರಾಗಿ ತಲೆ ಅಲ್ಲಾಡಿಸಿದೆ. ಅವನು ಮೆಚ್ಚುಗೆ ಅಂದುಕೊಂಡು ಇನ್ನೂ ಹುಮ್ಮಸ್ಸಿನಿಂದ ತುಳಿದ. ಮಿಕ್ಸರ್ ಹಿಂದೆ ಸೌಂಡಣ್ಣ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಿದ್ದರು.

ಮುಗಿದ ಮೇಲೆ ಗಿಟಾರ್ ನುಡಿಸುವ ಹುಡುಗನೊಬ್ಬ ವೇದಿಕೆ ಹತ್ತಿ ನೇರ ನನ್ನ ಹತ್ತಿರ ಬಂದ.

“ಸರ್, ಸೋಲೋದಲ್ಲಿ ಧ್ವನಿ ಏರಿಳಿಸುವ ಟ್ರೆಮೊಲೊ ಹಾಕಿದ್ದಿರಲ್ಲ, ತಾಳಕ್ಕೆ ಎಷ್ಟು ಸರಿಯಾಗಿ ಕೂತಿತ್ತು! ಯಾವ ಪ್ಯಾಚ್ ಸರ್ ಅದು?”

ನಾನು ಬಾಯಿ ತೆರೆಯುವ ಮೊದಲೇ ಬೇಸು ಹುಡುಗನ ಹೆಗಲ ಮೇಲೆ ಕೈ ಹಾಕಿದ.

“ಅದು ಆ ಪೆಟ್ಟಿಗೆಯಲ್ಲಿ ಸಿಗಲ್ಲಪ್ಪ” ಅಂದ.