ಸಿಂಧನೂರಿನ ಬಿಸಿಲಿಗೆ ತಡೆಯೋ ಗೇಮಿಂಗ್ ಪಿಸಿ: ಈ ಕೊಟೇಶನ್ ಸರಿ ಅದನಾ?

ಸಿಂಧನೂರು ಗೇಮರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಒಂದು ಗೇಮಿಂಗ್ ಪಿಸಿ ಮನಿಯಾಗ ನಾನೇ ಜೋಡಿಸಬೇಕಂತ ಮಾಡೀನಿ. ಮಾನಿಟರ್, ಯುಪಿಎಸ್ ಎಲ್ಲಾ ಹಿಡಿದು ಬಜೆಟ್ ಒಂದು ಲಕ್ಷ. ಹತ್ತು ಸಾವಿರ ಮ್ಯಾಲ ಹೋದ್ರೂ ನಡೀತದ. ಆಡೋದು ವ್ಯಾಲೊರೆಂಟ್, ಜಿಟಿಎ 5, ಮುಂದ ಸೈಬರ್‌ಪಂಕ್ 2077. 1080ಪಿ (ಫುಲ್ ಎಚ್‌ಡಿ) ಸಾಕು. ಅಂಗಡಿಯವರು ಬರೆದುಕೊಟ್ಟ ಪಟ್ಟಿ ಹೀಂಗದ:

ಇಂಟೆಲ್ ಐ7 14700ಎಫ್ ಪ್ರೊಸೆಸರ್, ಬಿ760 ಬೋರ್ಡ್, 16 ಜಿಬಿ ಡಿಡಿಆರ್5 ರ್‍ಯಾಮ್ ಒಂದೇ ಸ್ಟಿಕ್, ಆರ್‌ಟಿಎಕ್ಸ್ 5060 8 ಜಿಬಿ ಗ್ರಾಫಿಕ್ಸ್ ಕಾರ್ಡ್, 240 ಎಂಎಂ ಲಿಕ್ವಿಡ್ ಕೂಲರ್, 512 ಜಿಬಿ ಎಸ್‌ಎಸ್‌ಡಿ, ಮುಂದ ಗಾಜಿರೋ ಆರ್‌ಜಿಬಿ ಕ್ಯಾಬಿನೆಟ್, 550 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ, ಕಂಪನಿ ಹೆಸರು ಬರೆದಿಲ್ಲ), 600 ವಿಎ ಯುಪಿಎಸ್.

ರೂಮು ಮ್ಯಾಲಿನ ಅಂತಸ್ತು, ಆರ್‌ಸಿಸಿ ಛತ್ತು, ಎಸಿ ಇಲ್ಲ, ನೀರಿನ ಕೂಲರ್ ಅದ. ಹಿಂದ ಅಕ್ಕಿ ಗಿರಣಿ. ಕರೆಂಟ್ ಏರಿಳಿತ ಕೇಳಬ್ಯಾಡ್ರಿ. ಏನು ಬದಲಾಯಿಸಬೇಕು ಹೇಳ್ರಿ.

ಬಳ್ಳಾರಿ ಬೆಂಚ್

ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಉಳಿದದ್ದೆಲ್ಲ ಬದಲಾಯಿಸಿ ಅಂತಲೇ ಹೇಳಬೇಕಾಗಿದೆ. ಕಾರ್ಡ್ ಬಗ್ಗೆಯೂ ಮಾತಿದೆ, ಅದನ್ನು ಆಮೇಲೆ ಯಾರಾದರೂ ಎತ್ತುತ್ತಾರೆ.

ಮೊದಲು ಬಿಸಿಲಿನ ಲೆಕ್ಕ. ಯೂಟ್ಯೂಬ್ ರಿವ್ಯೂಗಳಲ್ಲಿ ರೂಮಿನ ಉಷ್ಣಾಂಶ ಸಾಮಾನ್ಯವಾಗಿ 21ರಿಂದ 25 ಡಿಗ್ರಿ. ಏಪ್ರಿಲ್-ಮೇನಲ್ಲಿ ನಿಮ್ಮ ಆರ್‌ಸಿಸಿ ರೂಮು 38-40ಕ್ಕೆ ಕಮ್ಮಿ ಇರುವುದಿಲ್ಲ. ಗಾಳಿಯಲ್ಲಿ ತಂಪಾಗುವ ಯಾವ ಭಾಗವೇ ಆದರೂ ರೂಮು ಎಷ್ಟು ಡಿಗ್ರಿ ಏರಿತೋ ಸುಮಾರು ಅಷ್ಟೇ ತಾನೂ ಏರುತ್ತದೆ. ರಿವ್ಯೂದಲ್ಲಿ 68 ತೋರಿಸಿದ ಕಾರ್ಡ್ ನಿಮ್ಮಲ್ಲಿ 83-85ಕ್ಕೆ ನಿಲ್ಲುತ್ತದೆ. ಆದ್ದರಿಂದ ಭಾಗ ಆರಿಸುವಾಗ ಅದು ಎಷ್ಟು ವೇಗ ಅನ್ನುವುದಕ್ಕಿಂತ ಮೊದಲು ಎಷ್ಟು ವ್ಯಾಟ್ ಬಿಸಿ ಉಗುಳುತ್ತದೆ ಅನ್ನುವುದನ್ನು ನೋಡಿ.

14700ಎಫ್‌ನ ಬೇಸ್ ಪವರ್ 65 ವ್ಯಾಟ್ ಎಂದು ಪೆಟ್ಟಿಗೆ ಮೇಲೆ ಇರುತ್ತದೆ. ಟರ್ಬೊದಲ್ಲಿ ಅದರ ಮಿತಿ 219 ವ್ಯಾಟ್. ಆಟದಲ್ಲಿ ಅಷ್ಟು ಪೂರ್ತಿ ಎಳೆಯುವುದಿಲ್ಲ, ಆದರೂ 1080ಪಿ ಆಟಕ್ಕೆ 20 ಕೋರ್ ಕೊಳ್ಳುವುದು ವ್ಯರ್ಥ. ಇನ್ನೊಂದು ವಿಷಯ: ಇಂಟೆಲ್ 13 ಮತ್ತು 14ನೇ ಪೀಳಿಗೆಯ ದೊಡ್ಡ ಚಿಪ್‌ಗಳು ಅತಿ ವೋಲ್ಟೇಜ್‌ನಿಂದ ಕ್ರಮೇಣ ಹಾಳಾಗುವ ತೊಂದರೆಯನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ (ಚಿಪ್‌ಗೆ ತಿದ್ದುಪಡಿ) ಕೊಟ್ಟಿತು. ಅಂಗಡಿಯಲ್ಲಿ ಹಳೇ ಸ್ಟಾಕ್ ಬೋರ್ಡ್ ಕೊಟ್ಟರೆ ಬಯಾಸ್ (ಬೋರ್ಡ್‌ನ ಒಳ ತಂತ್ರಾಂಶ, ಈ ತಿದ್ದುಪಡಿ ಬರುವುದು ಅದರಲ್ಲೇ) ಕೂಡ ಹಳೆಯದೇ ಇರುತ್ತದೆ.

ಅದರ ಬದಲು ಎಎಂಡಿ ರೈಜನ್ 5 7600 ತಗೊಳ್ಳಿ. ಆರು ಕೋರ್, ಪೂರ್ತಿ ಲೋಡ್‌ನಲ್ಲೂ ಸಾಕೆಟ್ ಮಿತಿ 88 ವ್ಯಾಟ್. ಬಯಾಸ್‌ನಲ್ಲಿ ಇಕೊ ಮೋಡ್ (ವ್ಯಾಟ್ ಉಳಿಸುವ ಸೆಟ್ಟಿಂಗ್) 45 ವ್ಯಾಟ್ ಆರಿಸಿದರೆ ಅದೇ ಸಾಕೆಟ್ ಮಿತಿ 61ಕ್ಕೆ ಇಳಿಯುತ್ತದೆ (45 ಅನ್ನುವುದು ಹೆಸರಿನ ಅಂಕಿ). ಆಟದ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರ) ಲೆಕ್ಕದಲ್ಲಿ ಆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಇದೇ ಸಾಲಿನ 7500ಎಫ್ ಅಗ್ಗ, ಆದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಮೊದಲ ಸಲ ಜೋಡಿಸುವವರಿಗೆ 7600 ಅನುಕೂಲ. ಸ್ಕ್ರೀನ್ ಬರದಿದ್ದಾಗ ಕಾರ್ಡ್ ಬಿಚ್ಚಿ ಬೋರ್ಡ್‌ಗೇ ಕೇಬಲ್ ಹಾಕಿ ನೋಡಿದರೆ ತಪ್ಪು ಕಾರ್ಡ್‌ನದೋ ಬೇರೆಯದೋ ತಿಳಿಯುತ್ತದೆ.

ಲಿಕ್ವಿಡ್ ಕೂಲರ್ ಬೇಡವೇ ಬೇಡ. ಅದರೊಳಗಿನ ದ್ರವ ರೂಮಿನ ಗಾಳಿಗಿಂತ ತಂಪಾಗಲು ಸಾಧ್ಯವಿಲ್ಲ. ಹೆಚ್ಚಿನ ಮಾಡೆಲ್‌ಗಳಲ್ಲಿ ದ್ರವ 60 ಡಿಗ್ರಿ ದಾಟಬಾರದು. 40ರ ರೂಮಿನಲ್ಲಿ ಆರಂಭಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು 20 ಡಿಗ್ರಿ ಮಾತ್ರ. ಪಂಪ್ ಕೆಟ್ಟರೆ ಪೂರ್ತಿ ಕೂಲರ್ ಬದಲಿಸಬೇಕು. ನಾಲ್ಕು ಹೀಟ್‌ಪೈಪ್, ಒಂದು 120 ಎಂಎಂ ಫ್ಯಾನ್ ಇರುವ ಟವರ್ ಏರ್ ಕೂಲರ್ 7600ಕ್ಕೆ ಧಾರಾಳ. ಫ್ಯಾನ್ ಕೆಟ್ಟರೆ ಫ್ಯಾನ್ ಒಂದನ್ನೇ ಬದಲಿಸಿದರೆ ಆಯಿತು.

ಬೋರ್ಡ್ ಬಿ650ಎಂ, ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದಮಾಡುವ ಭಾಗ) ಮೇಲೆ ಹೀಟ್‌ಸಿಂಕ್ ಇರುವಂಥದ್ದು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಒಳ್ಳೆಯದು. ಮುಂದೆ ಹೊಸ ಚಿಪ್ ಹಾಕುವಾಗ ಪೆನ್‌ಡ್ರೈವ್‌ನಿಂದಲೇ ಬಯಾಸ್ ಏರಿಸಬಹುದು.

ಗಾಜಿನ ಮುಖದ ಕ್ಯಾಬಿನೆಟ್ ನಮ್ಮ ಊರುಗಳಿಗಲ್ಲ. ಮುಂದೆ ಜಾಲರಿ, ತೆಗೆದು ತೊಳೆಯಲು ಬರುವ ನೈಲಾನ್ ಫಿಲ್ಟರ್, ಮುಂದೆ ಮೂರು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಬರುವ ಗಾಳಿ ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಗೆ ನೂಕುತ್ತದೆ, ಧೂಳು ಫಿಲ್ಟರ್ ದಾಟದೆ ಬರುವುದಿಲ್ಲ. ಹೊರಹಾಕುವ ಫ್ಯಾನ್ ಹೆಚ್ಚಾದರೆ ಇದೇ ಉಲ್ಟಾ ಆಗಿ ಪ್ರತಿ ಸಂದಿಯೂ ಧೂಳು ಎಳೆಯುತ್ತದೆ. ಅಕ್ಕಿ ಗಿರಣಿ ಹೊಟ್ಟು-ಬೂದಿಗೆ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ಒಣಗಿಸಿ ಹಾಕಿ. ನೆಲದ ಮೇಲೆ ಇಡಬೇಡಿ, ಕಸ ಗುಡಿಸಿದ್ದೆಲ್ಲ ಎಸ್‌ಎಂಪಿಎಸ್ ಹೊಟ್ಟೆಗೆ ಹೋಗುತ್ತದೆ.

ಕೃಷ್ಣಾ ತೀರ

ಬಳ್ಳಾರಿಯವರು ಬಿಟ್ಟಿದ್ದು ನಾನು ಹಿಡೀತೀನಿ. 8 ಜಿಬಿ ಕಾರ್ಡ್ ವ್ಯಾಲೊರೆಂಟ್‌ಗೆ, ಜಿಟಿಎ 5ಕ್ಕೆ ಜಾಸ್ತಿನೇ ಅದ. ಸೈಬರ್‌ಪಂಕ್‌ದಾಗ ಟೆಕ್ಸ್ಚರ್ ಹೈ ಇಟ್ಟು ರೇ ಟ್ರೇಸಿಂಗ್ (ಬೆಳಕು-ನೆರಳು ನಿಜದಂಗ ತೋರಸೋದು) ಹಚ್ಚಿದ್ರ ಕಾರ್ಡಿನ 8 ಜಿಬಿ ಮೆಮೊರಿ ತುಂಬತದ. ತುಂಬಿದ ಮ್ಯಾಲ ಸರಾಸರಿ ಫ್ರೇಮ್ ಚಲೋನೇ ತೋರಸ್ತದ, ಆದ್ರ ನಡುನಡುವ ಝಟಕಾ ಹೊಡೀತದ. ಮೂರು-ನಾಲ್ಕು ವರ್ಷ ಇಟ್ಕೊಳ್ಳೋದಿದ್ರ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ನೋಡ್ರಿ. 160 ವ್ಯಾಟ್, ಸಾಮಾನ್ಯ ಮಾಡೆಲ್‌ಗೆ ಒಂದೇ 8 ಪಿನ್ ಕನೆಕ್ಟರ್ ಸಾಕು. 8 ಜಿಬಿದು ಅಂತ ಅದೇ ಹೆಸರಿಲೇ ಇನ್ನೊಂದು ಅದ, ಪೆಟ್ಟಿಗಿ ಮ್ಯಾಲಿನ ಅಂಕಿ ಓದಿ ತಗೋರಿ. 5060 ಟಿಐ 16 ಜಿಬಿ 180 ವ್ಯಾಟ್, ಅದೂ ಛಲೋ, ರೊಕ್ಕ ಜಾಸ್ತಿ.

ಕಾರ್ಡಿನಾಗ ಎರಡು ಫ್ಯಾನಿನ ಸಣ್ಣ ಮಾಡೆಲ್ ಬ್ಯಾಡ. ಒಂದೇ ಚಿಪ್ಪಿಗೆ ದಪ್ಪ ಹೀಟ್‌ಸಿಂಕ್, ಮೂರು ಫ್ಯಾನ್ ಇರೋದು ನಮ್ಮ ಬ್ಯಾಸಿಗಿಗೆ ಕೊಡೋ ರೊಕ್ಕಕ್ಕ ತಕ್ಕದ್ದು. ಕ್ಯಾಬಿನೆಟ್ ಎಷ್ಟು ಉದ್ದದ ಕಾರ್ಡ್ ಹಿಡೀತದ ಅಂತ ಮೊದಲು ಎಂಎಂನಾಗ ನೋಡ್ಕೋರಿ. ಮುಂದಿನ ಫ್ಯಾನ್ 25 ಎಂಎಂ ತಿಂತದ. ಟವರ್ ಕೂಲರಿನ ಎತ್ತರನೂ ಹಂಗೇ, ಇಲ್ಲಂದ್ರ ಬದಿ ಬಾಗಿಲು ಮುಚ್ಚಂಗಿಲ್ಲ.

ರ್‍ಯಾಮ್ ವಿಷಯದಾಗ ಸ್ವಲ್ಪ ಸಂಕಟ ಅದ. 2025ರ ಕೊನಿಗೆ ಬೆಲಿ ಏರಿದ್ದು ಎಲ್ಲಾರಿಗೂ ಗೊತ್ತು. ಸರಿಯಾದದ್ದು ತಲಾ 16 ಜಿಬಿ ಎರಡು ಸ್ಟಿಕ್, 6000 ವೇಗ, ಸಿಎಲ್ (ತಡದ ಅಂಕಿ, ಕಡಿಮಿ ಇದ್ದಷ್ಟು ಚಲೋ) 30. ಬಜೆಟ್ ಆಗಲಿಲ್ಲಂದ್ರ ಸಿಎಲ್ 36 ತಗೋರಿ, ಫರಕ್ ಸ್ವಲ್ಪ. ತಲಾ 8 ಜಿಬಿ ಎರಡು ಸ್ಟಿಕ್ ಬ್ಯಾಡ, ಡಿಡಿಆರ್5ದಾಗ 8 ಜಿಬಿ ಸ್ಟಿಕ್ಕಿನೊಳಗ ಬ್ಯಾಂಕ್ ಗ್ರೂಪ್ (ಡೇಟಾ ಇಡೋ ಗುಂಪು) ಅರ್ಧ ಇರ್ತಾವ, ನಿಧಾನ. ಈಗ 16 ಜಿಬಿ ಒಂದೇ ಹಾಕಿ ಆಮ್ಯಾಲ ಇನ್ನೊಂದು ಹಾಕ್ತೀನಿ ಅಂದ್ರ ಮಾಡಬಹುದು. ಅಲ್ಲಿ ತನಕ ವ್ಯಾಲೊರೆಂಟಿನಾಗ ಫ್ರೇಮ್ ಕಡಿಮಿ ಬರ್ತಾವ, ಮತ್ತ ಬ್ಯಾರೆ ಬ್ಯಾಚಿನ ಎರಡು ಸ್ಟಿಕ್ 6000ಕ್ಕ ಓಡ್ತಾವಂತ ಗ್ಯಾರಂಟಿ ಇಲ್ಲ. ನಾಲ್ಕು ಸ್ಟಿಕ್ಕಂತೂ ಎಎಂ5 (ಈ ರೈಜನ್ ಕೂರೋ ಸಾಕೆಟ್) ಬೋರ್ಡಿನಾಗ ಹಾಕಬ್ಯಾಡ್ರಿ, ವೇಗ 3600ಕ್ಕ ಬೀಳ್ತದ.

512 ಎಸ್‌ಎಸ್‌ಡಿ ಸಾಲಂಗಿಲ್ಲ. 1 ಟಿಬಿ ಜೆನ್4 ಎನ್‌ವಿಎಂಇ (ಬೋರ್ಡಿಗೇ ಕೂರೋ ಎಸ್‌ಎಸ್‌ಡಿ) ತಗೋರಿ. ಜೆನ್5 ಬ್ಯಾಡ, ಅದು ಬಿಸಿ, ಆಟಕ್ಕ ಲಾಭ ಇಲ್ಲ.

ಬಳ್ಳಾರಿ ಬೆಂಚ್

ಒಂದೇ ಸ್ಟಿಕ್ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ. ಅಷ್ಟೇ ಹಣದ ಕೊರತೆ ಇದ್ದರೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಒಂದು ಮೆಟ್ಟಿಲು ಇಳಿದು ರ್‍ಯಾಮ್ ಜೋಡಿಯನ್ನೇ ತಗೊಳ್ಳಲಿ. ಇವರು ಹೆಚ್ಚು ಆಡುವುದು ವ್ಯಾಲೊರೆಂಟ್. ಅದು ಪ್ರೊಸೆಸರ್-ರ್‍ಯಾಮ್ ಮೇಲೆ ನಿಂತ ಆಟ, ಕಾರ್ಡ್ ಅಲ್ಲಿ ಅರ್ಧ ನಿದ್ದೆಯಲ್ಲಿರುತ್ತದೆ.

ಕೃಷ್ಣಾ ತೀರ

ಕಾರ್ಡ್ ಆಮ್ಯಾಲ ಬದಲಸೋದು ರ್‍ಯಾಮ್ ಹಾಕಿದಂಗಲ್ಲರಿ, ಹಳೇದು ಮಾರಿ ಹೊಸದು ತರಬೇಕು, ಅಲ್ಲಿ ಕೈಕಚ್ಚತದ. ಅವರಿಗೇ ಬಿಡೋಣು.

ಗಿಣಿಗೇರಿ ವೈರಿಂಗ್

ನೀವೆಲ್ಲಾ ಕಾರ್ಡಿನ ಮಾತು ಆಡಾಕತ್ತೀರಿ. ನಮ್ಮ ಭಾಗದಾಗ ಪಿಸಿ ಸಾಯೋದು ಕರೆಂಟಿಗೆ.

ಮೊದಲ ಕೆಲಸ ಅರ್ಥಿಂಗ್. ಮಲ್ಟಿಮೀಟರ್ ಎಸಿ 750 ರೇಂಜಿಗೆ ಇಟ್ಟು ಪಿಸಿ ಹಚ್ಚೋ ಸಾಕೆಟ್‌ನಾಗ ಮೂರು ಅಳತಿ ತಗೋರಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಹೆಚ್ಚುಕಡಿಮಿ ಅಷ್ಟೇ, ನ್ಯೂಟ್ರಲ್-ಅರ್ಥ್ 2-3 ವೋಲ್ಟ್ ಒಳಗ ಬರಬೇಕು. ಫೇಸ್-ಅರ್ಥ್ ಏನೇನೋ ತೋರಸಿದ್ರ ಅರ್ಥ್ ತಂತಿ ಎಲ್ಲೋ ಕಡದೈತಿ. ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅನ್ನೋದೂ ಇದರಿಂದನ. ಎಸ್‌ಎಂಪಿಎಸ್‌ನ ಫಿಲ್ಟರಿನಾಗ ಫೇಸಿಂದ ಒಂದು, ನ್ಯೂಟ್ರಲಿಂದ ಒಂದು ಸಣ್ಣ ಕೆಪಾಸಿಟರ್ ಬಾಡಿಗೆ ಹೋಗಿರ್ತಾವ. ಅರ್ಥ್ ಇಲ್ಲಂದ್ರ ಬಾಡಿ ಅರ್ಧ ವೋಲ್ಟೇಜಿಗೆ, ಅಂದ್ರ 115ರ ಸುತ್ತ ತೇಲತೈತಿ. ಎಸ್‌ಎಂಪಿಎಸ್ ಕೆಟ್ಟೈತಿ ಅಂತ ಬದಲಸಿದ್ರ ಹೊಸದೂ ಹಂಗ ಜುಮ್ ಅಂತೈತಿ. ಬ್ಯಾಸಿಗಿಗೆ ಎರಿಭೂಮಿ ಬಿರುಕು ಬಿಟ್ಟು ಅರ್ಥ್ ಕುಣಿ ಒಣಗತೈತಿ. ವಾರಕ್ಕೊಮ್ಮೆ ಒಂದೆರಡು ಕೊಡ ನೀರು ಹಾಕ್ರಿ. ಎರಡು ಪಿನ್ ಎಕ್ಸ್‌ಟೆನ್ಶನ್ ಬಳಸಬ್ಯಾಡ್ರಿ.

ಎರಡನೇದು ಎಸ್‌ಎಂಪಿಎಸ್. ಹೆಸರಿಲ್ಲದ 550 ವ್ಯಾಟ್ ಅಂದ್ರ ಬರೀ ಸ್ಟಿಕ್ಕರ್. 80 ಪ್ಲಸ್ ಗೋಲ್ಡ್ (ಕರೆಂಟ್ ಕಡಿಮಿ ಪೋಲು ಮಾಡೋ ದರ್ಜೆ) 650 ವ್ಯಾಟ್, ಆಕ್ಟಿವ್ ಪಿಎಫ್‌ಸಿ (ಗ್ವಾಡಿ ಕರೆಂಟ್ ಹದವಾಗಿ ಎಳೆಯೋ ಸರ್ಕ್ಯೂಟ್), ಇನ್‌ಪುಟ್ 100-240 ಅಂತ ಬರೆದಿದ್ದು ತಗೋರಿ. ಅದಕ್ಕ ಲೋ ವೋಲ್ಟೇಜ್ ದೊಡ್ಡ ಕಾಟ ಅಲ್ಲ. ಯಾವ ಉಷ್ಣಾಂಶಕ್ಕ ಆ ವ್ಯಾಟ್ ಕೊಡತೈತಿ ಅನ್ನೋದೂ ನೋಡ್ರಿ: 50 ಡಿಗ್ರಿ ಅಂತ ಬರೆದಿದ್ರ ಚಲೋ, 40 ನಡೀತೈತಿ, 25 ಅಂತ ಇದ್ರ ಬಿಡ್ರಿ.

ಮೂರನೇದು ಯುಪಿಎಸ್. ಲೆಕ್ಕ ಹಿಂಗೈತಿ: ಪ್ರೊಸೆಸರ್ 88, ಕಾರ್ಡ್ 160, ಬೋರ್ಡ್-ರ್‍ಯಾಮ್-ಫ್ಯಾನ್ 50, ಒಟ್ಟು 300. ಎಸ್‌ಎಂಪಿಎಸ್ ನಷ್ಟ ಸೇರಿ ಗ್ವಾಡಿಯಿಂದ 340, ಮಾನಿಟರ್ 30. 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್. ಕರೆಂಟ್ ಹೋದ ಕೂಡಲೇ ಓವರ್‌ಲೋಡ್ ಅಂತ ಚೀರಿ ಬಂದ್ ಆಗತೈತಿ. 1100 ವಿಎ, 660 ವ್ಯಾಟ್ ಬೇಕು. ಸೇವ್ ಮಾಡಿ ಬಂದ್ ಮಾಡಾಕ ಕೆಲವು ನಿಮಿಷ ಸಿಗತಾವ, ಆಟ ಮುಂದುವರಸಾಕ ಅಲ್ಲ. ಲೆಡ್ ಆಸಿಡ್ ಬ್ಯಾಟರಿ ಆಯುಷ್ಯ ಪ್ರತಿ 10 ಡಿಗ್ರಿ ಏರಿಕಿಗೆ ಅರ್ಧ ಆಗತೈತಿ, ಅದಕ್ಕ ಯುಪಿಎಸ್ ಕಿಟಕಿ ಬಿಸಿಲಾಗ ಇಡಬ್ಯಾಡ್ರಿ.

ಕೊಲ್ಲೋದು ಹೈ ವೋಲ್ಟೇಜ್. ಕಂಬದಾಗ ನ್ಯೂಟ್ರಲ್ ಕಡದ್ರ ಮನಿಗೆ 300-400 ತನಕ ನುಗ್ಗಬಹುದು. ಸ್ಪೈಕ್ ಬಸ್ಟರ್ ಒಳಗಿರೋ ಎಂಒವಿ (ಹೆಚ್ಚಿನ ವೋಲ್ಟೇಜ್ ಹೀರೋ ಸಣ್ಣ ಭಾಗ) ಕ್ಷಣದ ವೋಲ್ಟೇಜ್ ಏರಿಕಿ ತಡೀತೈತಿ, ನಿಮಿಷಗಟ್ಟಲೆ ಹೈ ವೋಲ್ಟೇಜ್ ಬಂದ್ರ ಅದ ಮೊದಲು ಸುಡತೈತಿ. ಡಿಬಿಯಾಗ (ಮನಿಯ ಮೇನ್ ಸ್ವಿಚ್ ಡಬ್ಬಿ) ಓವರ್-ಅಂಡರ್ ವೋಲ್ಟೇಜ್ ರಿಲೇ ಕೂರಿಸ್ರಿ, 265ಕ್ಕ ಕಟ್ ಆಗೋ ಹಂಗ ಸೆಟ್ ಮಾಡಿಸ್ರಿ. ಲೈಟು ಒಮ್ಮೆ ಪ್ರಖರ ಒಮ್ಮೆ ಮಂಕು ಆದ್ರ ಮೇನ್ ಆಫ್ ಮಾಡಿ ಕರೆಂಟ್ ಕಂಪನಿ ಸಹಾಯವಾಣಿ 1912ಕ್ಕ ಫೋನ್ ಹಚ್ಚ್ರಿ.

ಸಿಂಧನೂರು ಗೇಮರ್

ಎಲ್ಲಾರಿಗೂ ಥ್ಯಾಂಕ್ಸ್ ರೀ. ಎರಡು ಪ್ರಶ್ನೆ ಉಳದಾವ. ಮನಿಯಾಗ 150 ಎಎಚ್ ಬ್ಯಾಟರಿ ಇನ್ವರ್ಟರ್ ಅದ, ಯುಪಿಎಸ್ ಬಿಟ್ಟು ಅದಕ್ಕೇ ಹಚ್ಚಬಹುದಾ? ಮತ್ತ ನೀರಿನ ಕೂಲರ್ ಪಿಸಿ ಕಡೆ ತಿರುಗಿಸಿದ್ರ ತಂಪಾಗ್ತದಾ?

ಗಿಣಿಗೇರಿ ವೈರಿಂಗ್

ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಮನಿ ಕರೆಂಟಿನಂಗ ನಯವಾದ ಅಲೆ ಕೊಡೋದು) ಇದ್ರ ಹಚ್ಚಬಹುದು. ಹಿಂದ ಒಂದು ಸ್ವಿಚ್ ಇರತೈತಿ, ಅದನ್ನ ಯುಪಿಎಸ್ ಮೋಡಿಗೆ ಇಡ್ರಿ. ಸಾದಾ ಮೋಡಿನಾಗ ಬದಲಾಗಾಕ 30-40 ಮಿಲಿಸೆಕೆಂಡ್ ತಗೋತೈತಿ, ಎಸ್‌ಎಂಪಿಎಸ್ ತಡಕೊಳ್ಳೋದು ಸುಮಾರು 16. ಅಷ್ಟರಾಗ ಪಿಸಿ ರೀಸ್ಟಾರ್ಟ್. ಆದ್ರ ಯುಪಿಎಸ್ ಮೋಡಿನಾಗ ರೇಂಜ್ 180-260 ಅಷ್ಟ. ನಿಮ್ಮಲ್ಲಿ ಸಂಜಿಗೆ ವೋಲ್ಟೇಜ್ 170ಕ್ಕ ಬಿದ್ರ ಕರೆಂಟ್ ಇದ್ದಾಗನೂ ಬ್ಯಾಟರಿ ತಿಂತೈತಿ. ಮನಿ ಫ್ಯಾನು-ಲೈಟ್ ಜೊತಿಗೆ ಪಿಸಿಯ 370 ವ್ಯಾಟ್ ಕೂಡಿಸಿ ನೋಡ್ರಿ. 900 ವಿಎ ಇನ್ವರ್ಟರಿಗೆ ಎಲ್ಲಾ ಸೇರಿ ಬಿಗಿ ಆಗತೈತಿ.

ಬಳ್ಳಾರಿ ಬೆಂಚ್

ಕೂಲರ್ ಗಾಳಿ ನೇರ ಪಿಸಿಗೆ ಬಿಡಬೇಡಿ. ಪ್ಯಾಡ್‌ನಿಂದ ಹನಿ ಹಾರುತ್ತದೆ, ಬೋರ್‌ವೆಲ್ ನೀರಿನ ಉಪ್ಪು ಬೋರ್ಡ್ ಮೇಲೆ ಬಿಳಿಯಾಗಿ ಕೂರುತ್ತದೆ, ತೇವಕ್ಕೆ ಗಿರಣಿ ಬೂದಿ ಹೀಟ್‌ಸಿಂಕ್‌ನಲ್ಲಿ ಕೆಸರಿನಂತೆ ಹಿಡಿಯುತ್ತದೆ. ಕೂಲರ್ ಕಿಟಕಿ ಹೊರಗಿರಲಿ, ಎದುರು ಕಿಟಕಿ ತೆರೆದಿರಲಿ, ಪಿಸಿ ಪಕ್ಕದ ಗೋಡೆಗಿರಲಿ. ರೂಮು ತಂಪಾದರೆ ಪಿಸಿಯೂ ತಂಪು. ಬೇಸಿಗೆ ಮಟ್ಟಿಗೆ ಕಾರ್ಡ್‌ನ ಪವರ್ ಲಿಮಿಟ್ ತಂತ್ರಾಂಶದಲ್ಲಿ ಬಿಟ್ಟಷ್ಟು ಇಳಿಸಿ, ಫ್ರೇಮ್ ಮಿತಿಯನ್ನು ಮಾನಿಟರ್ ಹರ್ಟ್ಸ್‌ಗೆ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೋ ಅಷ್ಟಕ್ಕೆ) ಕಟ್ಟಿ. ಕೆಲವೇ ಫ್ರೇಮ್ ಕೊಟ್ಟು ಐದಾರು ಡಿಗ್ರಿ ಉಳಿಸಿಕೊಳ್ಳಬಹುದು.

ಜೋಡಿಸುವಾಗ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಎಎಂ5ನಲ್ಲಿ ಪಿನ್ ಇರುವುದು ಸಾಕೆಟ್‌ನಲ್ಲಿ, 1718 ಇವೆ. ಬೋರ್ಡ್ ಕೈಗೆ ಬಂದ ಕೂಡಲೇ ಮುಚ್ಚಳ ಎತ್ತಿ ಫೋಟೊ ತೆಗೆದಿಡಿ, ಪಿನ್ ಬಾಗಿದ್ದರೆ ವಾರಂಟಿ ಸಿಗುವುದಿಲ್ಲ. ಪ್ರೊಸೆಸರ್ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ ನೋಡಿ. ರ್‍ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ. ಬೋರ್ಡ್ ಮೇಲಿನ ಮೂಲೆಯ 8 ಪಿನ್ ಪ್ರೊಸೆಸರ್‌ದು, ಕಾರ್ಡ್‌ನ 8 ಪಿನ್ ಬೇರೆ. ಒಂದರ ಕೇಬಲ್ ಇನ್ನೊಂದಕ್ಕೆ ಒತ್ತಿ ತುರುಕಬೇಡಿ. ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಕಿತ್ತು ಹಾಕಬಹುದಾದ) ಕೇಬಲ್ ಎಂದೂ ಬಳಸಬೇಡಿ, ಪಿನ್ ಜೋಡಣೆ ಬೇರೆ ಇದ್ದರೆ ಎಸ್‌ಎಸ್‌ಡಿಯಿಂದ ಹಿಡಿದು ಸುಡುತ್ತದೆ.

ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಕಪ್ಪಗೆ ಇರುತ್ತದೆ. ಡಿಡಿಆರ್5 ಮೆಮೊರಿ ಟ್ರೇನಿಂಗ್ (ಬೋರ್ಡ್ ರ್‍ಯಾಮ್‌ಗೆ ಹೊಂದಿಕೊಳ್ಳುವ ಪರೀಕ್ಷೆ) ನಡೆದಿರುತ್ತದೆ, ಕೆಲವು ನಿಮಿಷ ಬೇಕು. ಹದಿನೈದು ನಿಮಿಷ ಕೈ ಕಟ್ಟಿ ಕೂರಿ. ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಪೊ (ರ್‍ಯಾಮ್ ಪೂರ್ತಿ ವೇಗಕ್ಕೆ ಓಡುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲವಾದರೆ 6000ದ ರ್‍ಯಾಮ್ 4800ರಲ್ಲಿ ಓಡುತ್ತದೆ. ಡಿಸ್‌ಪ್ಲೇ ಕೇಬಲ್ ಬೋರ್ಡ್‌ಗಲ್ಲ, ಕಾರ್ಡ್‌ಗೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಹರ್ಟ್ಸ್ ನೀವೇ ಏರಿಸಬೇಕು.

ಕೃಷ್ಣಾ ತೀರ

ಒಂದು ಬಿಟ್ಟೀರಿ. ವಿಂಡೋಸ್ 11ರಾಗ ವ್ಯಾಲೊರೆಂಟ್ ಟಿಪಿಎಂ 2.0 ಮತ್ತ ಸೆಕ್ಯೂರ್ ಬೂಟ್ (ಎರಡೂ ಪಿಸಿಯ ಭದ್ರತಾ ವ್ಯವಸ್ಥೆ) ಕೇಳ್ತದ. ಬಯಾಸ್‌ನಾಗ ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಟಿಪಿಎಂ) ಆನ್, ಸಿಎಸ್‌ಎಂ (ಹಳೇ ಬೂಟ್ ವಿಧಾನ) ಆಫ್ ಮಾಡಿಟ್ಟು, ಎಸ್‌ಎಸ್‌ಡಿ ಜಿಪಿಟಿ (ಡಿಸ್ಕ್ ಭಾಗ ಮಾಡೋ ಹೊಸ ವಿಧಾನ) ಮಾಡಿ ವಿಂಡೋಸ್ ಹಾಕ್ರಿ. ಮೊದಲೇ ಹಳೇ ವಿಧಾನದ ಎಂಬಿಆರ್‌ದಾಗ ಹಾಕಿದ್ರ ಆಮ್ಯಾಲ ಪರಿವರ್ತನೆ ಮಾಡೋ ತಾಪತ್ರಯ.

ಖರೀದಿಗೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ನಿಮಗ ಹೈದರಾಬಾದ್ ಹತ್ರ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಾಗ ಎಲ್ಲಾ ಸಿಗ್ತದ. ಎಲ್ಲಿ ತಗೊಂಡ್ರೂ ಜಿಎಸ್‌ಟಿ ಬಿಲ್ಲಿನಾಗ ಕಾರ್ಡ್, ಬೋರ್ಡ್, ಎಸ್‌ಎಂಪಿಎಸ್ ಸೀರಿಯಲ್ ನಂಬರ್ ಬರೆಸ್ರಿ. ಕಚ್ಚಾ ಚೀಟಿಗೆ ಕಡಿಮಿ ಕೊಡ್ತೀನಂದ್ರ ಒಪ್ಪಬ್ಯಾಡ್ರಿ. ವಾರಂಟಿ ಕೌಂಟರಿನಾಗ ಮೊದಲು ಕೇಳೋದೇ ಆ ಬಿಲ್ಲು. ಗೋಲ್ಡ್ ಎಸ್‌ಎಂಪಿಎಸ್‌ಗೆ ಮಾಡೆಲ್ ನೋಡಿ ಐದರಿಂದ ಹತ್ತು ವರ್ಷ ವಾರಂಟಿ ಇರ್ತದ, ಥರ್ಮಲ್ ಕಾಗದದ ಬಿಲ್ ಅಷ್ಟು ದಿನ ಬಾಳಂಗಿಲ್ಲ, ಅವತ್ತೇ ಫೋಟೊ ಹೊಡದು ಮೇಲ್‌ನಾಗ ಹಾಕಿಡ್ರಿ.